ಪುಯೆಬ್ಲೋಗೆ ಹೋದ ಐದು ಪೆಟ್ಟಿಗೆಗಳು

ಜನವರಿಯ ಎರಡನೆಯ ಬುಧವಾರ ಬೆಳಗ್ಗೆ ಅಡುಗೆಮನೆಯ ಮೇಜಿನ ಮೇಲೆ ವರ್ಷದ ಲೆಕ್ಕ ಹರಡಿಕೊಂಡು ಕೂತಿದ್ದೆ. ಮುನ್ನೂರ ಎಪ್ಪತ್ತೈದು ಡಾಲರ್ ಎಲ್ಲಿಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ಮೂರು ಸಲ ಕೂಡಿದೆ. ಮೂರು ಸಲವೂ ಅಷ್ಟೇ ಕಡಿಮೆ ಬಂತು.

ಇಪ್ಪತ್ತೆಂಟು ವರ್ಷ ನಾನು ಗಣಿ ಕಚೇರಿಯಲ್ಲಿ ಸಂಬಳದ ಲೆಕ್ಕ ಬರೆದವಳು. ನಾನು ಕೂಡಿದ ಮೊತ್ತವನ್ನು ಇನ್ನೊಬ್ಬರು ಮತ್ತೆ ಕೂಡಿ ನೋಡುತ್ತಿರಲಿಲ್ಲ. ನನ್ನ ಗಂಡ ಲೂಡ್ ಅದೇ ಗಣಿಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ನಮ್ಮ ಊರು ಎವೆಲೆತ್‌ನ ಅರ್ಧ ಗಂಡಸರು ಮಾಡುತ್ತಿದ್ದ ಕೆಲಸವೇ ಅದು. ಇಬ್ಬರೂ ನಿವೃತ್ತರಾದ ಮೇಲೆ ಅವನು ನೆಲಮಾಳಿಗೆ ಸೇರಿಕೊಂಡ. ಸತ್ತವರ ಮನೆಗಳಲ್ಲಿ ಅಟ್ಟದ ಮೇಲೆ ಬಿದ್ದಿರುವ ಹಳೆಯ ಅಕಾರ್ಡಿಯನ್‌ಗಳನ್ನು ಅಗ್ಗಕ್ಕೆ ತರುವುದು, ಹರಿದ ತಿದಿಗೆ ಹೊಸ ಪಟ್ಟಿ ಅಂಟಿಸುವುದು, ಸ್ವರ ಹೊರಡಿಸುವ ಲೋಹದ ನಾಲಗೆಗಳು, ಅಂದರೆ ರೀಡುಗಳು, ಬಿದ್ದುಹೋಗಿದ್ದರೆ ಮೇಣ ಹಾಕಿ ಕೂರಿಸುವುದು, ಸ್ವರ ಸರಿಮಾಡಿ ಆನ್‌ಲೈನ್ ಮಾರುಕಟ್ಟೆಯಲ್ಲಿ ಮಾರುವುದು. ಇದು ಅವನ ಹೊಸ ಉದ್ಯೋಗ.

ಮೊದಲನೆಯದನ್ನು ಮಾರಿದಾಗ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದು, "ಮುನ್ನೂರು ಡಾಲರ್ ಕಣೇ ವರ್ನಾ! ಸಾಗಣೆಗೆ ಬೇರೆ ಮೂವತ್ತು!" ಎಂದು ಕೂಗಿದ್ದ. ನಾನು ಒಂದು ಹಳೆಯ ಲಕೋಟೆಯ ಹಿಂದೆ ಲೆಕ್ಕ ಹಾಕಿ ತೋರಿಸಿದೆ. ಪೆಟ್ಟಿಗೆಯ ತೂಕ ಮೂವತ್ತೊಂದು ಪೌಂಡ್. ಆದರೆ ಕೊರಿಯರ್‌ನವರು ದುಡ್ಡು ಕೇಳುವುದು ತೂಕಕ್ಕಲ್ಲ, ಪೆಟ್ಟಿಗೆ ಎಷ್ಟು ಜಾಗ ತಿನ್ನುತ್ತದೆ ಎಂಬುದಕ್ಕೆ. ಲೂಡ್ ಒಂದು ದನದ ಕರು ಹಿಡಿಸುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ ತಂದಿದ್ದ. ಅದಕ್ಕೆ ಅರವತ್ತಾರು ಪೌಂಡಿನ ದರ ಬಿತ್ತು, ತೊಂಬತ್ತೇಳು ಡಾಲರ್. ಮಾರುಕಟ್ಟೆಯವರ ಕಮಿಷನ್ ನೂರಕ್ಕೆ ಹದಿಮೂರು; ಅದೂ ಬರೀ ಅಕಾರ್ಡಿಯನ್ ಬೆಲೆಯ ಮೇಲಲ್ಲ, ಗಿರಾಕಿ ಸಾಗಣೆಗೆಂದು ಕೊಟ್ಟ ಮೂವತ್ತರ ಮೇಲೂ. ಅದು ನಲವತ್ತೆರಡು ತೊಂಬತ್ತು. ಅಕಾರ್ಡಿಯನ್‌ಗೆ ಕೊಟ್ಟದ್ದು ನೂರಾ ಇಪ್ಪತ್ತು, ಮೇಣಕ್ಕೂ ಚರ್ಮಕ್ಕೂ ನಲವತ್ತೈದು, ಪೆಟ್ಟಿಗೆಗೂ ಥರ್ಮಕೋಲಿಗೂ ಹದಿನೆಂಟು.

"ಉಳಿದದ್ದು ಏಳು ಡಾಲರ್ ಹತ್ತು ಸೆಂಟು," ಎಂದೆ. "ಮೂರು ವಾರದ ಕೂಲಿ."

ಅವನು ಲಕೋಟೆಯನ್ನು ಓದಿ ನನ್ನ ಮುಂದೆಯೇ ಇಟ್ಟ. ಆಮೇಲೆ, "ನೀನೇ ನೋಡ್ಕೊ ಮಾರಾಯ್ತಿ," ಎಂದ.

ಅವತ್ತಿನಿಂದ ನಾನೇ ನೋಡಿಕೊಂಡೆ. ಅಳತೆಗೆ ಸರಿಯಾದ ಚಿಕ್ಕ ಪೆಟ್ಟಿಗೆಗಳನ್ನು ತರಿಸಿದೆ. ಸಾಗಣೆಗೆ ನಮಗೆ ಅರವತ್ನಾಲ್ಕು ಬೀಳುವುದಾದರೆ ಗಿರಾಕಿಯಿಂದ ಎಪ್ಪತ್ನಾಲ್ಕು ಕೇಳಬೇಕು, ಕಮಿಷನ್ ಕಿತ್ತುಕೊಂಡ ಮೇಲೆ ನಮ್ಮ ಅರವತ್ನಾಲ್ಕು ನಮಗೆ ಬರುತ್ತದೆ ಎಂದು ಅವನಿಗೆ ಕಲಿಸಿದೆ. ಪುಸ್ತಕದಲ್ಲಿ ಸಾಗಣೆಗೆ ಬಂದದ್ದು ಒಂದು ಸಾಲು, ಸಾಗಣೆಗೆ ಹೋದದ್ದು ಒಂದು ಸಾಲು, ಕಮಿಷನ್ ಬೇರೊಂದು ಸಾಲು. ಯಾರಿಗೂ ಉಚಿತವಾಗಿ ಕಳಿಸಬಾರದು, ನನ್ನ ಸ್ವಂತ ತಮ್ಮ ಕೇಳಿದರೂ ಕೂಡದು ಎಂದು ಕಟ್ಟಪ್ಪಣೆ ಮಾಡಿದೆ. ಕಮಿಷನ್ ಕಳೆದ ಮೇಲೆ ಬಂದದ್ದರ ಸಾಲೂ ಹೋದದ್ದರ ಸಾಲೂ ಮೂರು ವರ್ಷ ಅಕ್ಕಪಕ್ಕದಲ್ಲಿ ಸರಿಸಮ ನಡೆದವು. ಆ ಸಾಲುಗಳನ್ನು ನೋಡುವಾಗ ನನಗೆ ನಮ್ಮ ಮದುವೆಯೂ ಹಾಗೇ ಸರಿಸಮ ನಡೆಯುತ್ತಿದೆ ಅನ್ನಿಸುತ್ತಿತ್ತು.

ಈಗ ಮುನ್ನೂರ ಎಪ್ಪತ್ತೈದು ಹೆಚ್ಚು ಹೋಗಿತ್ತು.

ಕಳೆದ ಏಪ್ರಿಲ್‌ನಲ್ಲಿ ನನ್ನ ಮಂಡಿಯ ಆಪರೇಷನ್ ಆಗಿತ್ತು. "ನೀನು ಕಾಲು ಚಾಚ್ಕೊಂಡು ಕೂತ್ಕೊ, ವಿಳಾಸದ ಚೀಟಿ ನಾನೇ ಅಂಟಿಸ್ತೀನಿ," ಎಂದು ಲೂಡ್ ಸಾಗಣೆಯ ಕೆಲಸ ತಾನೇ ಎತ್ತಿಕೊಂಡಿದ್ದ. ನಾನು ಎದ್ದು ಓಡಾಡುವಂತಾದ ಮೇಲೂ ಬಿಟ್ಟುಕೊಟ್ಟಿರಲಿಲ್ಲ. ಎಷ್ಟು ಒಳ್ಳೆಯವನು ಎಂದು ತಂಗಿಯ ಹತ್ತಿರ ಹೇಳಿಕೊಂಡಿದ್ದೆ. ಅವನು ಮುದ್ರಿಸಿದ ಚೀಟಿಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಎಲ್ಲವೂ ಸರಿಯಾಗಿದ್ದವು, ಐದನ್ನು ಬಿಟ್ಟು. ಆ ಐದರಲ್ಲಿ ಗಿರಾಕಿಯಿಂದ ಬಂದ ಸಾಗಣೆ ಸೊನ್ನೆ. ನಾವು ಕೊಟ್ಟದ್ದು ಎಪ್ಪತ್ತೊಂದು, ಅರವತ್ತೆಂಟು, ಎಪ್ಪತ್ತೊಂಬತ್ತು, ಎಪ್ಪತ್ನಾಲ್ಕು, ಎಂಬತ್ಮೂರು. ಐದೂ ಒಂದೇ ವಿಳಾಸಕ್ಕೆ ಹೋಗಿದ್ದವು. ಮ್ಯಾಕ್ಸೀನ್ ಮಾರೋಲ್ಟ್, ಪುಯೆಬ್ಲೋ, ಕೊಲರಾಡೋ.

ಹೆಂಗಸಿನ ಹೆಸರು.

ಕೆಳಗೆ ನೆಲಮಾಳಿಗೆಯಲ್ಲಿ ಲೂಡ್ ಒಂದೇ ಸ್ವರವನ್ನು ಮತ್ತೆ ಮತ್ತೆ ಒತ್ತಿ ನೋಡಿ ರೀಡಿಗೆ ಅರ ಹಾಕುತ್ತಿದ್ದ. ನಾನು ಕೂಗಲಿಲ್ಲ. ಡೆನ್ವರ್‌ಗೆ ಕಳಿಸಬೇಕಿದ್ದ ಒಂದು ಚಿಕ್ಕ ಪೆಟ್ಟಿಗೆ ಬಾಗಿಲ ಬಳಿ ಇತ್ತು. ಮಂಡಿ ನೋಯುತ್ತಿದ್ದರೂ ಅದನ್ನು ಕಾರಿಗೆ ಹಾಕಿಕೊಂಡು ಕೊರಿಯರ್ ಅಂಗಡಿಗೆ ಹೋದೆ. ಕೌಂಟರಿನಲ್ಲಿ ಡ್ವೇನ್ ಇದ್ದ. ನಮ್ಮ ಬೀದಿಯಲ್ಲೇ ಬೆಳೆದವನು, ಬಾಯಿ ಸುಮ್ಮನಿರುವ ಆಸಾಮಿಯಲ್ಲ.

"ಏನಮ್ಮ, ಇವತ್ತು ನೀವೇ ಬಂದ್ರಿ? ಓ, ಇದು ಡೆನ್ವರ್‌ಗೆ! ಅದಕ್ಕೇ ಮತ್ತೆ. ಪುಯೆಬ್ಲೋದ್ದಾಗಿದ್ರೆ ಲೂಡ್ ನಿಮ್ಮ ಕೈಗೆ ಕೊಡ್ತಾನೇ ಇರ್ಲಿಲ್ಲ."

"ಯಾಕೆ?"

"ನನಗೂ ಮುಟ್ಟೋಕೆ ಬಿಡಲ್ಲ ಪುಣ್ಯಾತ್ಮ. ತಾನೇ ಎತ್ತಿ, ತೊಟ್ಟಿಲಲ್ಲಿ ಮಗು ಮಲಗಿಸೋ ಹಾಗೆ ತಕ್ಕಡಿ ಮೇಲೆ ಮಲಗಿಸ್ತಾನೆ. ನಾನು ಕೇಳ್ದೆ, ಅದರೊಳಗೆ ಏನ್ ಚಿನ್ನ ಇಟ್ಟಿದ್ದೀಯಪ್ಪಾ ಅಂತ. ನಗ್ತಾನೆ, ಬಾಯಿ ಬಿಡಲ್ಲ."

ನಾನೂ ನಕ್ಕೆ.

ಮಾರುಕಟ್ಟೆಯ ಖಾತೆಯ ಗುಟ್ಟಿನ ಪದ ಇಟ್ಟವಳು ನಾನೇ. ಮಧ್ಯಾಹ್ನ ಲೂಡ್ ಅಂಟು ತರಲು ಪೇಟೆಗೆ ಹೋದಾಗ ಕಂಪ್ಯೂಟರ್ ಮುಂದೆ ಕೂತು ಅವರಿಬ್ಬರ ಪತ್ರಗಳನ್ನು ತೆರೆದೆ. ಮೇ ತಿಂಗಳಿನಿಂದ ಡಿಸೆಂಬರ್‌ವರೆಗೆ ಅರವತ್ತಕ್ಕೂ ಹೆಚ್ಚಿದ್ದವು. ಪ್ರೇಮಪತ್ರಗಳಿರುತ್ತವೆ ಎಂದು ಹಲ್ಲು ಕಚ್ಚಿ ಸಿದ್ಧಳಾಗಿದ್ದೆ. ಇದ್ದದ್ದು ಅದಕ್ಕಿಂತ ಕೆಟ್ಟದ್ದು.

ಅವಳು ಬರೆದಿದ್ದಳು: "ತಗ್ಗಿನ ಸ್ವರಗಳಲ್ಲಿ ನೀವು ನಡುಗುವಂಥ ಸಣ್ಣದೊಂದು ಅಲೆ ಬಿಟ್ಟಿದ್ದೀರಿ. ಬೇಕೆಂದೇ ಬಿಟ್ಟದ್ದು ತಾನೆ?"

ಅವನು ಬರೆದಿದ್ದ: "ಬೇಕೆಂದೇ. ನನ್ನ ಅಪ್ಪ ಹಾಗೆ ಬಿಡುತ್ತಿದ್ದರು. ಇಷ್ಟು ವರ್ಷದಲ್ಲಿ ಅದನ್ನು ಗುರುತಿಸಿದವರು ನೀವೊಬ್ಬರೇ."

ಬೆಳಗ್ಗಿನ ಕಾಫಿಗೆ ಮೂರು ಮಾತು ಆಡದ ಮನುಷ್ಯ ಅವಳಿಗೆ ಪುಟಗಟ್ಟಲೆ ಬರೆದಿದ್ದ. ಅವನ ಅಪ್ಪ ಗಣಿಯಿಂದ ಬಂದು ಕೈ ತೊಳೆಯದೆ ಅಕಾರ್ಡಿಯನ್ ಎತ್ತಿಕೊಳ್ಳುತ್ತಿದ್ದದ್ದು, ವಾದ್ಯದ ಬಿಳಿ ಕೀಲಿಗಳ ಮೇಲೆಲ್ಲ ಅದಿರಿನ ಕೆಂಪು ಬೆರಳಚ್ಚು ಉಳಿಯುತ್ತಿದ್ದದ್ದು. ಹನ್ನೊಂದು ವರ್ಷದ ಲೂಡ್ ಸೌದೆ ಕೊಟ್ಟಿಗೆಯಲ್ಲಿ ಕೂತು ಒಂದು ವಾಲ್ಟ್ಜ್ ಕುಣಿತದ ಹಾಡು ಕಲಿತದ್ದು. ನಾನು ಇದನ್ನು ಕೇಳಿಯೇ ಇರಲಿಲ್ಲ. ನಲವತ್ತೇಳು ವರ್ಷ ಅವನ ಜೊತೆ ಊಟ ಮಾಡಿದ್ದೇನೆ, ಅವನ ಅಪ್ಪನ ಹೆಣಕ್ಕೆ ಕೋಟು ಇಸ್ತ್ರಿ ಮಾಡಿದವಳು ನಾನು. ಆ ಕೆಂಪು ಬೆರಳಚ್ಚನ್ನು ನನಗೆ ಹೇಳದೆ, ಸಾವಿರ ಮೈಲಿ ಆಚೆಯ ಯಾರೋ ಒಬ್ಬಳಿಗೆ ಹೇಳಿದ್ದ.

ಅಕ್ಟೋಬರ್‌ನ ಒಂದು ಪತ್ರದಲ್ಲಿ ಅವಳು, ನೀವೇಕೆ ಈಗ ನುಡಿಸುವುದಿಲ್ಲ ಎಂದು ಕೇಳಿದ್ದಳು. ಅವನ ಉತ್ತರ ಒಂದೇ ಸಾಲು. "ಹೆಂಡತಿಗೆ ಇಷ್ಟವಿರಲಿಲ್ಲ, ಬಿಟ್ಟೆ. ಅವಳ ತಪ್ಪೇನೂ ಇಲ್ಲ."

ಅದು ನಿಜ. ಮದುವೆಯಾದ ಆರನೆಯ ವರ್ಷ. ಶನಿವಾರ ಶನಿವಾರ ಸಭಾಭವನದಲ್ಲಿ ಕುಣಿತ, ಲೂಡ್ ವೇದಿಕೆಯ ಮೇಲೆ, ನಾನು ಎಲ್ಲರ ಕೋಟುಗಳ ರಾಶಿಯ ಪಕ್ಕ. ಊರಿನ ಗಂಡಂದಿರೆಲ್ಲ ತಮ್ಮ ಹೆಂಡತಿಯರ ಜೊತೆ ಕುಣಿಯುತ್ತಿದ್ದರು, ಅವರನ್ನು ಕುಣಿಸುತ್ತಿದ್ದವನ ಹೆಂಡತಿ ಮಾತ್ರ ಕೂತಿರುತ್ತಿದ್ದಳು. ಒಂದು ಶನಿವಾರ ಕೆಂಪು ರವಿಕೆಯ ಒಬ್ಬಳು ವೇದಿಕೆ ಹತ್ತಿ ಅವನಿಗೆ ಕಾಗದದ ತಟ್ಟೆಯಿಂದ ಗಾಳಿ ಬೀಸಿದಳು. ಅವನು ನುಡಿಸುತ್ತಲೇ ಕಣ್ಣು ಮುಚ್ಚಿ ನಕ್ಕ. ಮನೆಗೆ ಬರುವಾಗ ಕಾರಿನಲ್ಲಿ, "ಒಂದೋ ಆ ಪೆಟ್ಟಿಗೆ, ಇಲ್ಲಾ ನಾನು," ಎಂದೆ. ಮುಂದಿನ ವಾರ ಅಕಾರ್ಡಿಯನ್ ಮನೆಯಲ್ಲಿರಲಿಲ್ಲ. ಇಷ್ಟು ವರ್ಷ ನಾನು ಅದನ್ನು ನನ್ನ ಗೆಲುವು ಎಂದುಕೊಂಡಿದ್ದೆ. ರಿಪೇರಿ ಶುರುಮಾಡಿದ ಮೇಲೂ ಅವನು ಸ್ವರ ಪರೀಕ್ಷಿಸುತ್ತಿದ್ದನೇ ಹೊರತು ಒಂದು ಹಾಡನ್ನೂ ನುಡಿಸಿರಲಿಲ್ಲ, ಕನಿಷ್ಠ ನನ್ನ ಕಿವಿಗೆ ಬೀಳುವಂತೆ.

ಕೊನೆಯ ಪತ್ರಗಳಲ್ಲಿ "ಮಂಗಳವಾರ ಎರಡು ಗಂಟೆಗೆ" ಎಂಬ ಮಾತು ಮತ್ತೆ ಮತ್ತೆ ಬಂದಿತ್ತು. ಮಂಗಳವಾರ ಎರಡು ಗಂಟೆಗೆ ನಾನು ಮಂಡಿಯ ವ್ಯಾಯಾಮಕ್ಕೆ ಹೋಗುತ್ತೇನೆ.

ಅವಳನ್ನು ನೋಡಬೇಕೆನ್ನಿಸಿತು. ಹೆಸರು ಹಾಕಿ ಹುಡುಕಿದೆ. ಮುಖ ಸಿಗಲಿಲ್ಲ, ಅಂಗಡಿ ಸಿಕ್ಕಿತು. ಅದೇ ಮಾರುಕಟ್ಟೆಯಲ್ಲಿ ಅವಳದೂ ಒಂದು ಅಂಗಡಿ. ಮೊದಲ ಚಿತ್ರದಲ್ಲೇ ನಮ್ಮ ಕಪ್ಪು ಅಕಾರ್ಡಿಯನ್ ತೆರೆದ ಪೆಟ್ಟಿಗೆಯಲ್ಲಿ ಮಲಗಿತ್ತು. ಪೆಟ್ಟಿಗೆಯ ಒಳಗಿನ ಕಡುಗೆಂಪು ಮಖಮಲ್ಲು ನನ್ನ ಅಮ್ಮನ ಮನೆಯ ಪರದೆ. ಒಳಬಟ್ಟೆ ಕೊಳೆತುಹೋಗಿದೆ ಎಂದು ಲೂಡ್ ಪೇಚಾಡುತ್ತಿದ್ದಾಗ ನಾನೇ ಪರದೆ ಕತ್ತರಿಸಿ ಹೊಲಿದು ಕೊಟ್ಟಿದ್ದೆ. ಚಿತ್ರದ ಕೆಳಗೆ "ಮೂಲ ಮಖಮಲ್ ಅಸ್ತರಿ" ಎಂದು ಬರೆದಿತ್ತು. ಬೆಲೆ ಸಾವಿರದ ನಾನೂರ ಐವತ್ತು, ಸಾಗಣೆ ಉಚಿತ.

ನಮಗೆ ಅವಳು ಕೊಟ್ಟದ್ದು ನಾನೂರ ಎಂಬತ್ತು.

ಪೆನ್ಸಿಲ್ ತೆಗೆದೆ. ಅವಳ ಕಮಿಷನ್ ನೂರಾ ಎಂಬತ್ತೆಂಟೂವರೆ, ಸಾಗಣೆ ತೊಂಬತ್ತು ಎಂದಿಟ್ಟುಕೊಂಡರೂ ಅವಳಿಗೆ ಉಳಿಯುವುದು ಆರುನೂರ ತೊಂಬತ್ತೊಂದೂವರೆ. ಮೂರು ವಾರ ಬೆನ್ನು ಬಗ್ಗಿಸಿದ ನನ್ನ ಗಂಡನಿಗೆ, ಎಲ್ಲ ಕಳೆದು, ನೂರಾ ಹತ್ತು ಡಾಲರ್ ಅರವತ್ತು ಸೆಂಟು. ನನಗೆ ಆದ ಸಂತೋಷವನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಅವಳು ಅವನ ಕಿವಿಯನ್ನು ಹೊಗಳಿ ಹೊಗಳಿ ಜೇಬು ಕತ್ತರಿಸುತ್ತಿದ್ದಾಳೆ! ಇನ್ನು ಅವನಿಗೆ ತೋರಿಸಿಬಿಟ್ಟರೆ ಸಾಕು. ಮೂರು ದಿನ ಆ ಸಂತೋಷವನ್ನು ಬಾಯಲ್ಲಿ ಮಿಠಾಯಿಯಂತೆ ಇಟ್ಟುಕೊಂಡು ಓಡಾಡಿದೆ.

ಶನಿವಾರ ಮಧ್ಯಾಹ್ನ ಊಟಕ್ಕೆ ಅವನಿಗೆ ಇಷ್ಟವಾದ ಸಾಸೇಜು, ಹುಳಿ ಎಲೆಕೋಸು ಬಡಿಸಿ, ತಟ್ಟೆಯ ಪಕ್ಕ ಆ ಚಿತ್ರದ ಪ್ರತಿಯನ್ನು ಇಟ್ಟೆ.

"ಇದೇನು?"

"ನೋಡು. ನಿನ್ನ ಪುಯೆಬ್ಲೋ ಗೆಳತಿ ನಿನ್ನ ಕೈಗೆ ಎಷ್ಟು ಬೆಲೆ ಕಟ್ಟಿದ್ದಾಳೆ ಅಂತ."

ಅವನು ಕನ್ನಡಕ ಹಾಕಿಕೊಂಡು ಓದಿದ. ಮುಖ ಕಪ್ಪಿಡುತ್ತದೆ ಎಂದು ಕಾಯುತ್ತಿದ್ದೆ. ಅವನು ಕಾಗದ ಪಕ್ಕಕ್ಕಿಟ್ಟು ಸಾಸೇಜಿಗೆ ಸಾಸಿವೆ ಹಚ್ಚಿಕೊಂಡ.

"ಗೊತ್ತು," ಎಂದ.

"ಏನು ಗೊತ್ತು?"

"ಮಾರ್ತಾಳೆ ಅಂತ. ಎರಡನೇದು ತಗೊಂಡಾಗ್ಲೇ ಹೇಳಿದ್ಲು. ಆ ಕಡೆ ಅವಳಿಗೆ ನುಡಿಸೋರೆಲ್ಲ ಪರಿಚಯ. ಬೆಲೆ ಕೇಳೋದು ಹೇಗೆ ಅಂತ ಅವಳಿಗೆ ಗೊತ್ತು, ನನಗೆ ಗೊತ್ತಿಲ್ಲ."

"ಗೊತ್ತಿದ್ದೂ ಸಾಗಣೆ ಪುಕ್ಕಟೆ ಮಾಡ್ದೆಯಾ? ನನ್ನ ಕಣ್ಣಿಗೆ ಮಣ್ಣೆರಚಿ? ಮುನ್ನೂರ ಎಪ್ಪತ್ತೈದು ಡಾಲರ್ ಲೂಡ್!"

"ಹೇಳಿದ್ರೆ ನೀನು ಬೇಡ ಅಂತಿದ್ದೆ."

"ಅಂತಿದ್ದೆ! ನೂರು ಸಲ ಅಂತಿದ್ದೆ! ಅವಳಲ್ಲಿ ಅಂಥಾದ್ದೇನಿದೆ, ಹೇಳು ನನಗೆ."

ಅವನು ಫೋರ್ಕು ಕೆಳಗಿಟ್ಟ. "ಮಂಗಳವಾರ ಮಂಗಳವಾರ ಫೋನ್ ಮಾಡ್ತಾಳೆ. ಎರಡು ಹಾಡು ನುಡಿಸಿ ಕೇಳಿಸ್ತಾಳೆ. ಯಾವ ರೀಡು ತಡವಾಗಿ ಬಾಯಿ ಬಿಡುತ್ತೆ, ಯಾವುದು ಚೆನ್ನಾಗಿದೆ, ಎಲ್ಲ ಹೇಳ್ತಾಳೆ. ನಾನು ಮಾಡಿದ್ದನ್ನ ಯಾರೋ ಒಬ್ರು ಕೇಳ್ತಾರೆ ವರ್ನಾ. ಅಷ್ಟೇ. ನೀನು ಪ್ರತಿಯೊಂದರ ತೂಕ ಹೇಳ್ತೀಯ, ಉದ್ದ ಅಗಲ ಹೇಳ್ತೀಯ. ಹೇಗೆ ಕೇಳಿಸುತ್ತೆ ಅಂತ ಒಂದು ದಿನ ಕೇಳಿದ್ದೀಯಾ?"

"ನಾನು ತೂಕ, ಅಳತೆ ಹೇಳದೆ ಇದ್ರೆ ಅದೆಲ್ಲ ಎಲ್ಲಿಂದ ನಡೀತಿತ್ತು? ಏಳು ಡಾಲರ್ ಹತ್ತು ಸೆಂಟು ನೆನಪಿದೆಯಾ?"

"ನೆನಪಿದೆ," ಎಂದು ತಟ್ಟೆ ಎತ್ತಿಕೊಂಡು ಕೆಳಗೆ ಹೋದ. ನಲವತ್ತೇಳು ವರ್ಷದಲ್ಲಿ ಮೊದಲ ಬಾರಿಗೆ ಅವನು ನೆಲಮಾಳಿಗೆಯಲ್ಲಿ ಊಟ ಮಾಡಿದ.

ಅವಳು ಅವನಿಗೆ ಮೋಸ ಮಾಡಿದ್ದರೆ ನಾನು ಅವಳನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಅವನೇ ತಿಳಿದೂ ತಿಳಿದೂ ಕೊಟ್ಟಿದ್ದ. ಸೋಮವಾರ ಬೆಳಗ್ಗೆ ಅವನ ಖಾತೆಯಿಂದಲೇ ಅವಳಿಗೆ ಒಂದು ಬಿಲ್ಲು ಕಳಿಸಿದೆ. ಐದು ಪೆಟ್ಟಿಗೆಯ ದಿನಾಂಕ, ಅಳತೆ, ತೂಕ, ಸಾಗಣೆ. ಮುನ್ನೂರ ಎಪ್ಪತ್ತೈದು, ಅದಕ್ಕೆ ಕಮಿಷನ್ ಸೇರಿಸಿ ನಾನೂರ ಮೂವತ್ತೊಂದು. ಹತ್ತು ದಿನದೊಳಗೆ ಪಾವತಿಸತಕ್ಕದ್ದು. ನಮ್ಮ ಮನೆಯ ಫೋನ್ ನಂಬರ್ ಬರೆದು, ಕೆಳಗೆ "ಲೆಕ್ಕಪತ್ರ ವಿಭಾಗ" ಎಂದು ಸಹಿ ಹಾಕಿದೆ.

ಮಂಗಳವಾರ ವ್ಯಾಯಾಮಕ್ಕೆ ಹೋಗಲಿಲ್ಲ. ಲೂಡ್ ಹಿಂದಿನ ಅಂಗಳದಲ್ಲಿ ಹಿಮ ತೋಡುತ್ತಿದ್ದ. ಎರಡಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು. ನಾನೇ ಎತ್ತಿದೆ.

"ಲೆಕ್ಕಪತ್ರ ವಿಭಾಗ ಇದ್ದಾರಾ?" ಸಿಗರೇಟು ಸೇದಿ ಬಿಟ್ಟವರ ಒರಟು ಗಂಟಲು.

"ಮಾತಾಡ್ತಾ ಇದ್ದೀನಿ."

"ನಾನು ಮ್ಯಾಕ್ಸೀನ್. ನಿಮ್ಮ ಬಿಲ್ ಬಂತು. ಚೆನ್ನಾಗಿ ಬರೆದಿದ್ದೀರಿ. ಆದ್ರೆ ಒಂದು ತಪ್ಪಿದೆಯಮ್ಮ."

"ನನ್ನ ಲೆಕ್ಕದಲ್ಲಿ ತಪ್ಪಿರಲ್ಲ."

"ಕೂಡಿಸಿದ್ದು ಸರಿ ಇದೆ. ಸೇರಿಸಿದ್ದು ತಪ್ಪು. ನನ್ನ ಹತ್ರ ಸಾಗಣೆಗೆ ನೀವು ದುಡ್ಡೇ ತಗೊಂಡಿಲ್ಲ. ತಗೊಳ್ದೇ ಇರೋ ದುಡ್ಡಿನ ಮೇಲೆ ಮಾರುಕಟ್ಟೆಯವರು ಕಮಿಷನ್ ಎಲ್ಲಿಂದ ಕಿತ್ಕೊಂಡ್ರು? ಈಗ ನಾನು ಚೆಕ್ ಅಂಚೇಲಿ ಕಳಿಸ್ತೀನಿ. ಅದು ಅವರ ಕೈಗೆ ಸಿಗಲ್ಲ. ಆ ಐವತ್ತಾರು ಡಾಲರ್ ಯಾರಿಗೆ?"

ಅವಳು ಹೇಳಿದ್ದು ಸರಿ. ಅಭ್ಯಾಸಬಲದಿಂದ ಕಮಿಷನ್ ಸೇರಿಸಿಬಿಟ್ಟಿದ್ದೆ. ಇಪ್ಪತ್ತೆಂಟು ವರ್ಷದಲ್ಲಿ ಗಣಿಯ ಒಬ್ಬ ಮ್ಯಾನೇಜರನೂ ನನ್ನ ತಪ್ಪು ಹಿಡಿದಿರಲಿಲ್ಲ. ಅವಳಿಗೆ ಅವನ ಸಂಗೀತವೂ ಗೊತ್ತು, ನನ್ನ ಲೆಕ್ಕವೂ ಗೊತ್ತು. ಹಾಗಾದರೆ ಈ ಮನೆಯಲ್ಲಿ ನನಗೆ ಮಾತ್ರ ಗೊತ್ತಿರುವುದು ಏನುಳಿಯಿತು?

"ಮುನ್ನೂರ ಎಪ್ಪತ್ತೈದು ಅಂತ ತಿದ್ಕೊಳ್ಳಿ," ಎಂದೆ.

"ಬರೆದಾಯ್ತು, ನಾಳೆ ಕಳಿಸ್ತೀನಿ. ನಾನೇ ಕೊಡ್ಬೇಕಿತ್ತು. ಅವರು ಬೇಡ ಅಂದ್ರು, ನಾನು ಸುಮ್ಮನಾದೆ. ಜಿಪುಣಿ ನಾನು. ಮೊದಲನೇ ವರ್ಷ ಹನ್ನೊಂದು ಮಾರಿ ಇನ್ನೂರು ಡಾಲರ್ ಕಳ್ಕೊಂಡಿದ್ದೆ. ಆವಾಗಿಂದ ಬಂದ ಜಿಪುಣತನ."

ಅವಳು ಫೋನ್ ಇಟ್ಟುಬಿಡುತ್ತಿದ್ದಳು. ನಾನೇ ಬಿಡಲಿಲ್ಲ.

"ಒಂದು ನಿಮಿಷ. ನನ್ನ ಗಂಡನ ಜೊತೆ ನಿಮಗೆ ಏನು?"

ಕಿಟಕಿಯಾಚೆ ಲೂಡ್ ಸಲಿಕೆ ಊರಿಕೊಂಡು ಸುಧಾರಿಸಿಕೊಳ್ಳುತ್ತಿದ್ದ.

"ನನಗೆ ಎಪ್ಪತ್ತಾರಮ್ಮ," ಎಂದಳು. "ಎರಡೂ ಸೊಂಟ ಬದಲಾಯಿಸಿದ್ದಾರೆ. ಏನೂ ಇಲ್ಲ ಅಂತ ಹೇಳಿ ಫೋನ್ ಇಟ್ಟುಬಿಡಬಹುದು. ನೀವು ಬಿಲ್ ಕಳಿಸೋ ಅಂಥವರು, ನಿಮಗೆ ಸುಳ್ಳು ಯಾಕೆ ಹೇಳ್ಲಿ? ಮಂಗಳವಾರ ಬಂತು ಅಂದ್ರೆ ನಾನು ತಲೆ ಬಾಚ್ಕೋತೀನಿ. ಫೋನಿಗೆ! ನೋಡೋರು ಯಾರಿದ್ದಾರೆ? ಆದ್ರೂ ಬಾಚ್ಕೋತೀನಿ. ಅದು ನನ್ನ ಕಡೆಯಿಂದ. ಅವರಿಗೆ ಅದು ಗೊತ್ತೂ ಇಲ್ಲ, ಬೇಕಾಗೂ ಇಲ್ಲ. ಅವರಿಗೆ ಬೇಕಾಗಿರೋದು ಒಂದು ಜೊತೆ ಕಿವಿ."

ನನಗೆ ಅವಳ ಮೇಲೆ ಬಂದ ಕೋಪ ಎಂಥದ್ದೆಂದರೆ, ಅದರೊಳಗೆ ಮೆಚ್ಚುಗೆಯೂ ಸೇರಿತ್ತು. ಅದು ಕೋಪವನ್ನು ಇನ್ನಷ್ಟು ಕೆರಳಿಸಿತು. "ಅವನು ಹೊರಗಿದ್ದಾನೆ. ಕರೀತೀನಿ," ಎಂದು ಬಾಗಿಲು ತೆಗೆದು, "ಲೂಡ್! ನಿನ್ನ ಮಂಗಳವಾರ ಬಂದಿದೆ!" ಎಂದು ಅರ್ಧ ಬೀದಿಗೆ ಕೇಳುವಂತೆ ಕೂಗಿದೆ.

ಬಿಲ್ಲಿನ ವಿಷಯ ಅವಳಿಂದ ತಿಳಿದಾಗ ಅವನ ಕತ್ತು ಕೆಂಪಾಯಿತು. ಫೋನ್ ಇಟ್ಟು ನನ್ನ ಎದುರು ಬಂದು ನಿಂತ.

"ನನ್ನ ಹೆಸರಲ್ಲಿ ಕಳಿಸಿದ್ದೀಯ."

"ನೀನು ನನ್ನ ಕಟ್ಟಪ್ಪಣೆ ಮೀರಿ ಕಳಿಸಿದ್ದೆಯಲ್ಲ, ಹಾಗೆ."

"ನನ್ನ ಮಾನ ಕಳೆದೆ ವರ್ನಾ."

"ನನ್ನ ಮಾನ? ಹೆಂಡತಿಗೆ ಇಷ್ಟ ಇರ್ಲಿಲ್ಲ ಅಂತ ಅವಳಿಗೆ ಬರೆದೆಯಲ್ಲ. ಅವಳ ತಪ್ಪಲ್ಲ ಅಂತೆ! ನೀನ್ಯಾರು ನನ್ನನ್ನ ಅವಳೆದುರು ಮನ್ನಿಸೋಕೆ?"

ನಾನು ಪತ್ರಗಳನ್ನು ಓದಿದ್ದೇನೆ ಎಂದು ಅವನಿಗೆ ಆಗ ಗೊತ್ತಾಯಿತು. ಕುರ್ಚಿ ಎಳೆದು ಕೂತ. ಅವನ ಬೂಟಿನ ಹಿಮ ನೆಲದ ಮೇಲೆ ಕರಗಿತು, ನಾನು ಒರೆಸಲು ಏಳಲಿಲ್ಲ.

ಮುಂದಿನ ವಾರ ಚೆಕ್ ಬಂತು, ಮುನ್ನೂರ ಎಪ್ಪತ್ತೈದಕ್ಕೆ. ಜೊತೆಗೆ ಒಂದು ಚೀಟಿ, "ಲೆಕ್ಕಪತ್ರ ವಿಭಾಗಕ್ಕೆ" ಎಂದು. ಇನ್ನು ಮುಂದೆ ಒಂದೊಂದಕ್ಕೆ ಏಳುನೂರು ಕೊಡುತ್ತಾಳಂತೆ, ಸಾಗಣೆ ಪೂರ್ತಿ ಅವಳದೇ, ಕೊರಿಯರ್‌ನಲ್ಲಿ ಅವಳದೇ ಖಾತೆ. ವರ್ಷಕ್ಕೆ ಎಂಟು ಬೇಕು. ಒಪ್ಪಿಗೆಯಾದರೆ ಬರೆಯಿರಿ.

ಆ ಚೀಟಿಯನ್ನು ಹರಿಯಬೇಕೆಂದು ಎಷ್ಟು ಸಲ ಕೈ ಹೋಯಿತೋ! ಆದರೆ ಲೆಕ್ಕ ಹಾಕಿ ನೋಡಿದೆ. ನೋಡದಿರಲು ನನ್ನಿಂದಾಗುವುದಿಲ್ಲ. ಮೂರು ವರ್ಷದಲ್ಲಿ ಯಾವ ಗಿರಾಕಿಯೂ ಅಷ್ಟು ಕೊಟ್ಟಿರಲಿಲ್ಲ. ಒಪ್ಪಿಕೊಂಡರೆ ಪ್ರತಿ ಮಂಗಳವಾರ ಆ ಗಂಟಲು ನನ್ನ ಮನೆಯಲ್ಲಿ ಕೇಳಿಸುತ್ತದೆ. ಒಪ್ಪದಿದ್ದರೆ ನನ್ನ ಗಂಡನ ಕೆಲಸಕ್ಕೆ ಸಿಕ್ಕಬೇಕಾದ ಬೆಲೆಯನ್ನು ನಾನೇ ತಡೆದಂತಾಗುತ್ತದೆ. ಈ ಹಿಂದೆ ಒಮ್ಮೆ ಕಾರಿನಲ್ಲಿ ತಡೆದಿದ್ದೇನೆ.

ಚೀಟಿ ಹಿಡಿದುಕೊಂಡು ನೆಲಮಾಳಿಗೆಗೆ ಇಳಿದೆ. ಅವನು ಬಿಳಿ ಮುತ್ತಿನ ಹೊದಿಕೆಯ ಒಂದು ಅಕಾರ್ಡಿಯನ್‌ಗೆ ಭುಜದ ಪಟ್ಟಿ ಹಾಕುತ್ತಿದ್ದ.

"ಒಪ್ಕೊಂಡು ಬರೀತೀನಿ," ಎಂದೆ. "ಒಂದು ಷರತ್ತು."

"ಮತ್ತೇನು?" ತಲೆ ಎತ್ತಲಿಲ್ಲ.

"ಒಂದೊಂದನ್ನೂ ಪೆಟ್ಟಿಗೆಗೆ ಕಟ್ಟೋಕೆ ಮುಂಚೆ ನನಗೆ ನುಡಿಸಿ ತೋರಿಸ್ಬೇಕು. ಅವಳಿಗಿಂತ ಮೊದಲು."

ಈಗ ತಲೆ ಎತ್ತಿದ. "ನಿನಗೆ ಇಷ್ಟ ಇಲ್ವಲ್ಲ."

"ಇಷ್ಟ ಇಲ್ಲ. ಆದ್ರೂ ನುಡಿಸು."

"ಇಷ್ಟ ಇಲ್ದೇ ಕೇಳೋಳಿಗೆ ನಾನ್ಯಾಕೆ ನುಡಿಸ್ಲಿ?"

"ಯಾಕಂದ್ರೆ ಇದು ನನ್ನ ಮನೆ, ನೀನು ನನ್ನ ಗಂಡ," ಎಂದೆ. "ಸೌದೆ ಕೊಟ್ಟಿಗೆಯಲ್ಲಿ ಕಲಿತೆ ಅಂತ ಬರೆದಿದ್ದೆಯಲ್ಲ, ಅದನ್ನೇ ನುಡಿಸು."

ಅವನು ಭುಜದ ಪಟ್ಟಿಯ ಕೊಂಡಿ ಬಿಗಿದ. ಆಮೇಲೆ ಅಕಾರ್ಡಿಯನ್ ಎತ್ತಿ ಎದೆಗೆ ಹಾಕಿಕೊಂಡ. ಎಪ್ಪತ್ಮೂರು ವರ್ಷದ ಬೆರಳುಗಳು ಎರಡು ಕಡೆ ತಪ್ಪಿದವು. ನಿಲ್ಲಿಸಿ ಮತ್ತೆ ಮೊದಲಿನಿಂದ ಶುರುಮಾಡಿದ. ನಾನು ತೂಕದ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದೆ. ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯದು. ನನಗೆ ಅಂಥ ಕಿವಿಯಿಲ್ಲ. ನುಡಿಸುವಾಗ ಅವನು ಕಣ್ಣು ಮುಚ್ಚಿದ್ದ. ಆ ಮುಚ್ಚಿದ ಕಣ್ಣನ್ನು ಕಂಡು ಮೊದಲಿನ ಹಾಗೇ ನನ್ನ ಹೊಟ್ಟೆ ಉರಿಯಿತು. ಅವನು ಹೋಗಿದ್ದ ಜಾಗಕ್ಕೆ ನನ್ನನ್ನು ಕರೆದುಕೊಂಡು ಹೋಗಿರಲಿಲ್ಲ. ಆದರೆ ಈ ಸಲ ನಾನು ಕೋಟುಗಳ ಪಕ್ಕ ಇರಲಿಲ್ಲ, ಮೂರಡಿ ದೂರದಲ್ಲಿದ್ದೆ.

ಮುಗಿಸಿ ನನ್ನ ಮುಖ ನೋಡಿದ. "ಹೇಗಿದೆ?"

ಏನಾದರೂ ಹೇಳಲೇಬೇಕಿತ್ತು. "ತಗ್ಗಿನ ಸ್ವರ ನೆಗಡಿ ಆದ ಪಾದ್ರಿ ಥರ ಇದೆ."

"ತಗ್ಗಿನದು ಸರಿಯಾಗೇ ಇದೆಯಲ್ಲೇ!" ಎಂದ. ಒಂದು ಕ್ಷಣ ನನ್ನನ್ನೇ ನೋಡಿ, ಆಮೇಲೆ ನಗಲು ಶುರುಮಾಡಿದ. ತಿದಿಯೂ ಅವನ ನಗುವಿನ ಜೊತೆ ಹಿಗ್ಗಿ ಕುಗ್ಗಿ ಅಪಸ್ವರ ಹೊರಡಿಸಿತು.

ಆ ಅಕಾರ್ಡಿಯನ್ ಫೆಬ್ರವರಿಯಲ್ಲಿ ಪುಯೆಬ್ಲೋ ತಲುಪಿತು. ಮಂಗಳವಾರ ನಾನು ವ್ಯಾಯಾಮವನ್ನು ಬೆಳಗ್ಗೆಗೆ ಹಾಕಿಸಿಕೊಂಡು, ಎರಡು ಗಂಟೆಗೆ ಹೊಲಿಗೆ ತೆಗೆದುಕೊಂಡು ನೆಲಮಾಳಿಗೆಗೆ ಇಳಿದೆ. ಲೂಡ್ ನನ್ನನ್ನು ನೋಡಿದ, ಬೇಡ ಅನ್ನಲಿಲ್ಲ. ಫೋನಿನ ಸದ್ದು ಜೋರಾಗಿಟ್ಟ. ಅವಳು ಎರಡು ಹಾಡು ನುಡಿಸಿದಳು. ಅವನಿಗಿಂತ ಚೆನ್ನಾಗಿ ನುಡಿಸಿದಳೆಂದು ನನಗೂ ಗೊತ್ತಾಯಿತು, ಅಷ್ಟು ಕಿವಿ ನನಗೂ ಇದೆ. ಸೂಜಿ ಬೆರಳಿಗೆ ಚುಚ್ಚಿತು.

"ಹೇಗನ್ನಿಸ್ತು ಮ್ಯಾಕ್ಸೀನ್? ತಗ್ಗಿನದು ನೆಗಡಿ ಆದ ಪಾದ್ರಿ ಥರ ಇದೆ ಅಂತಾಳೆ ನನ್ನ ಹೆಂಡ್ತಿ," ಎಂದು ಲೂಡ್ ಕೇಳಿದ.

ಆ ಕಡೆಯಿಂದ ಒರಟು ನಗು ಬಂತು, ಕೆಮ್ಮಿನಲ್ಲಿ ಮುಗಿಯಿತು. "ಇರಿ, ಇನ್ನೊಂದು ಸಲ ನುಡಿಸ್ತೀನಿ," ಎಂದಳು ಮ್ಯಾಕ್ಸೀನ್. "ಅವರು ಅಲ್ಲೇ ಇದ್ದಾರಾ? ಅವರಿಗೂ ಕೇಳಿಸ್ಲಿ."

"ಇದ್ದೀನಿ," ಎಂದೆ ನಾನು, ಅವನು ಬಾಯಿ ತೆರೆಯುವ ಮೊದಲೇ.